ಜೀನೊ ಬಾರ್ತಾಲಿ: ಎರಡು ಪಕ್ಷಗಳ ನಡುವಿನ ಸೈಕಲ್ ವೀರ

ಪ್ರತಿವರ್ಷ ಜುಲೈ 16ರಂದು, ಮುಂಗಾರು ಮಳೆಯ ಅಬ್ಬರದ ನಡುವೆ, ನಾವು ಕಾರ್ಮೆಲ್ ಮಾತೆಯ ಹಬ್ಬವನ್ನು ಆಚರಿಸುತ್ತೇವೆ. ಹಬ್ಬ ಕಳೆದು ಎರಡು ದಿನಗಳಲ್ಲಿ, ಅಂದರೆ ಜುಲೈ 18ರಂದು, ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ ಸೇರಿದ್ದ ಒಬ್ಬ ಗೃಹಸ್ಥರ ಜನ್ಮದಿನ ಬರುತ್ತದೆ. ಅವರು ಧರ್ಮಗುರುವಲ್ಲ, ಧರ್ಮಪಂಡಿತರೂ ಅಲ್ಲ. ಸೈಕಲ್ ತುಳಿದು ಹೊಟ್ಟೆ ಹೊರೆದವರು. ಇಟಲಿ ದೇಶದ ಜೀನೊ ಬಾರ್ತಾಲಿಯವರ ಹೆಸರನ್ನು ನಮ್ಮ ಹಿರಿಯ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಅವರ ಬಾಳಿನ ಕಥೆಯನ್ನು ಈ ವಾರ ನಮ್ಮ ಕುಟುಂಬಗಳ ಮುಂದಿಡಲು ಬಯಸಿದ್ದೇವೆ.

ಯಾರು ಮೇಲು ಎಂಬ ಚರ್ಚೆಗೆ ನಮ್ಮ ಕಡೆ ಯಾವ ಕಾಲಕ್ಕೂ ಕೊರತೆಯಿಲ್ಲ. ವಂಡಾರು ಕಂಬಳದಿಂದಲೋ ಬೈಂದೂರು ಸಮೀಪದ ತಗ್ಗರ್ಸೆ ಕಂಬಳದಿಂದಲೋ ಮರಳುವವರು ಯಾರ ಮನೆಯ ಕೋಣಗಳು ಮೇಲೆಂದು ದಾರಿಯುದ್ದಕ್ಕೂ ವಾದಿಸುತ್ತಾರೆ. ಯಕ್ಷಗಾನ ಪ್ರಿಯರಲ್ಲಿ ನಾರ್ಣಪ್ಪ ಉಪ್ಪೂರರ ಭಾಗವತಿಕೆ ಮೇಲೋ ಅವರ ಶಿಷ್ಯ ಕಾಳಿಂಗ ನಾವಡರದು ಮೇಲೋ ಎಂಬ ವಾದವು ಅವರಿಬ್ಬರೂ ಕಾಲವಾಗಿ ದಶಕಗಳು ಸಂದರೂ ನಿಂತಿಲ್ಲ. ಗಾವಸ್ಕರ್ ದೊಡ್ಡವರೋ ನಮ್ಮ ವಿಶ್ವನಾಥ್ ದೊಡ್ಡವರೋ ಎಂದು ಹೋಟೆಲಿನ ಮೇಜಿನ ಮೇಲೆ ಚಹಾ ಆರಿಹೋಗುತ್ತಿದ್ದ ದಿನಗಳನ್ನು ಹಲವರು ಬಲ್ಲರು. ವಾದಿಸುತ್ತಿದ್ದವರು ಮುಖ ತಿರುಗಿಸಿಕೊಂಡಾಗಲೂ ಆ ಇಬ್ಬರು ಆಟಗಾರರು ಮಾತ್ರ ಭಾವ-ಮೈದುನರಾಗಿ ಚೆನ್ನಾಗಿಯೇ ಇದ್ದರು. ಇಂತಹ ವಾದಗಳು ನಮ್ಮಲ್ಲಿ ಸಾಮಾನ್ಯವಾಗಿ ಊಟದ ಹೊತ್ತಿಗೆ ಮುಗಿಯುತ್ತವೆ. ಇಟಲಿಯಲ್ಲಿ ಎರಡನೆಯ ಮಹಾಯುದ್ಧದ ಬಳಿಕ ಬಾರ್ತಾಲಿಯೋ ಕೊಪ್ಪಿಯೋ ಎಂದು ಎದ್ದ ವಾದವಾದರೋ ಊಟಕ್ಕೂ ಮುಗಿಯಲಿಲ್ಲ, ಚುನಾವಣೆಗೂ ಮುಗಿಯಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಪಕ್ಷವಾದರು. ಇಗರ್ಜಿಗೆ ಹೋಗುವವರೆಲ್ಲ ಬಾರ್ತಾಲಿಯ ಕಡೆ, ಹೋಗದವರೆಲ್ಲ ಕೊಪ್ಪಿಯ ಕಡೆ ಎಂಬಷ್ಟರ ಮಟ್ಟಿಗೆ ಅದು ಬೆಳೆಯಿತು.

ಈ ಸ್ಪರ್ಧೆಗಳ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು ಅಗತ್ಯ. ಫ್ರಾನ್ಸಿನ ಟೂರ್ ದ ಫ್ರಾನ್ಸ್ 1903ರಲ್ಲಿ ಆರಂಭವಾಯಿತು, ಇಟಲಿಯ ಜಿರೊ ದಿತಾಲಿಯಾ 1909ರಲ್ಲಿ. ಎರಡೂ ಸುಮಾರು ಮೂರು ವಾರ ನಡೆಯುವ ಓಟಗಳು. ದಿನಕ್ಕೊಂದು ಹಂತ, ಒಂದೊಂದು ಹಂತವೂ ಊರಿಂದ ಊರಿಗೆ. ಎಲ್ಲ ಹಂತಗಳನ್ನು ಒಟ್ಟು ಅತ್ಯಂತ ಕಡಿಮೆ ಸಮಯದಲ್ಲಿ ಮುಗಿಸಿದವನೇ ಜಯಶಾಲಿ. ಫ್ರಾನ್ಸಿನಲ್ಲಿ ಮುಂದಿರುವವನಿಗೆ ಹಳದಿ ಅಂಗಿ, ಇಟಲಿಯಲ್ಲಿ ಗುಲಾಬಿ ಅಂಗಿ. ದಾರಿಯಲ್ಲಿ ಆಲ್ಪ್ಸ್ ಪರ್ವತದ ಘಾಟಿಗಳನ್ನು ಹತ್ತಿ ಇಳಿಯಬೇಕು. ಬೈಂದೂರಿನ ಕಡೆಯವರಿಗೆ ಪೂರ್ವದಿಕ್ಕಿನಲ್ಲಿ ಕಾಣುವ ಕೊಡಚಾದ್ರಿಯ ಎತ್ತರ 1343 ಮೀಟರ್. ಈ ಓಟದ ಇಜೊವಾರ್ ಎಂಬ ಘಾಟಿಯ ನೆತ್ತಿ 2360 ಮೀಟರ್. ಆ ಕಾಲದ ಭಾರವಾದ ಕಬ್ಬಿಣದ ಸೈಕಲಿನಲ್ಲಿ, ಮಣ್ಣು ಜಲ್ಲಿಯ ದಾರಿಯಲ್ಲಿ, ಪಂಕ್ಚರಾದರೆ ಹೆಗಲಿಗೆ ಸುತ್ತಿಕೊಂಡ ಟಯರನ್ನು ತಾನೇ ಹಾಕಿಕೊಳ್ಳುತ್ತ ಅದನ್ನು ಏರಬೇಕಾಗಿತ್ತು.

ಕೂಲಿಕಾರನ ಮಗ

ಬಾರ್ತಾಲಿ ಹುಟ್ಟಿದ್ದು 1914ರಲ್ಲಿ, ಫ್ಲಾರೆನ್ಸ್ ನಗರದ ಹೊರವಲಯದ ಪೊಂತೆ ಆ ಎಮಾ ಎಂಬ ಹಳ್ಳಿಯಲ್ಲಿ. ತಂದೆ ತೊರೆಲ್ಲೊ ದಿನಗೂಲಿಯ ಕೆಲಸಗಾರ. ತಾಯಿ ಜೂಲಿಯಾ. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೆ. ಊರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಅಂಗಡಿಯ ಯಜಮಾನನೇ ಈ ಹುಡುಗನ ಕಾಲುಗಳ ಶಕ್ತಿಯನ್ನು ಮೊದಲು ಗುರುತಿಸಿದವರು. ಸ್ಪರ್ಧೆ ಅಪಾಯದ ಕೆಲಸವೆಂದು ತಂದೆಗೆ ಮನಸ್ಸಿರಲಿಲ್ಲ. ಒತ್ತಾಯದ ಮೇಲೆ ಒಪ್ಪಿದರು.

ತಂದೆಯ ಬಗ್ಗೆ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ತೊರೆಲ್ಲೊ ಕೆಲಸ ಮಾಡುತ್ತಿದ್ದುದು ಗಾಯೆತಾನೊ ಪಿಲಾತಿ ಎಂಬ ಸಮಾಜವಾದಿ ನಾಯಕರ ಕೈಕೆಳಗೆ. 1925ರಲ್ಲಿ ಫ್ಯಾಸಿಸ್ಟರು ಪಿಲಾತಿಯವರನ್ನು ಮನೆಗೆ ನುಗ್ಗಿ ಗುಂಡಿಕ್ಕಿ ಕೊಂದರು. ಆಗ ಜೀನೊಗೆ ಹನ್ನೊಂದು ವರ್ಷ. ಬಾಯಿ ಬಿಟ್ಟವರಿಗೆ ಏನಾಗುತ್ತದೆ ಎಂಬುದನ್ನು ಆ ಮನೆ ಅಷ್ಟು ಹತ್ತಿರದಿಂದ ಕಂಡಿತ್ತು. ಮುಂದೆ ಆಟದ ವಿಷಯದಲ್ಲಿ ಎಲ್ಲರೊಡನೆ ಜಗಳವಾಡುವ, ಗೊಣಗುವ, ಮಾತಿಗೆ ಮಾತು ಬೆಳೆಸುವ ಬಾರ್ತಾಲಿ, ನಿಜವಾಗಿಯೂ ಮುಖ್ಯವಾದ ವಿಷಯದಲ್ಲಿ ಜೀವಮಾನವಿಡೀ ತುಟಿ ಬಿಚ್ಚದೆ ಇದ್ದುದಕ್ಕೆ ಬಾಲ್ಯದ ಈ ಪಾಠವೂ ಒಂದು ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ.

1935ರಲ್ಲಿ ವೃತ್ತಿಪರ ಸವಾರನಾದ ಬಾರ್ತಾಲಿ, 1936ರಲ್ಲಿಯೇ ಜಿರೊ ಗೆದ್ದರು. ಗೆದ್ದ ಸಂತೋಷ ಆರುವ ಮೊದಲೇ, ಜೂನ್ ತಿಂಗಳಲ್ಲಿ, ತಮ್ಮ ಜೂಲಿಯೊ ಸ್ಪರ್ಧೆಯೊಂದರ ನಡುವೆ ಕಾರಿಗೆ ಡಿಕ್ಕಿ ಹೊಡೆದು ತೀರಿಕೊಂಡ. ತಮ್ಮನಿಗೆ ಸೈಕಲಿನ ಹುಚ್ಚು ಹಿಡಿಸಿದವನು ತಾನೇ ಎಂಬ ಕೊರಗು ಬಾರ್ತಾಲಿಯವರನ್ನು ಕಾಡಿತು. ಸೈಕಲನ್ನೇ ಬಿಟ್ಟುಬಿಡುವ ಯೋಚನೆ ಬಂತು. ಬಾಲ್ಯದಿಂದಲೇ ಕಥೋಲಿಕ್ ಆಕ್ಷನ್ ಸಂಘಟನೆಯ ಸದಸ್ಯನಾಗಿದ್ದ ಅವರು ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ ಸೇರಿದ್ದು ಈ ದುಃಖದ ದಿನಗಳಲ್ಲಿಯೇ. ಬಾಲಯೇಸುವಿನ ಸಂತ ತೆರೇಸಾ ಅವರ ನೆಚ್ಚಿನ ಸಂತಳಾದಳು. ಓಟದ ದಿನಗಳಲ್ಲಿಯೂ ಬಲಿಪೂಜೆಗೆ ಹೋಗುವ ಈ ಸವಾರನಿಗೆ ಪತ್ರಿಕೆಯವರು ಭಕ್ತ ಜೀನೊ ಎಂಬ ಅಡ್ಡಹೆಸರಿಟ್ಟರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ.

1937ರಲ್ಲಿ ಎರಡನೆಯ ಬಾರಿ ಜಿರೊ ಗೆದ್ದು, ಅದೇ ವರ್ಷ ಟೂರ್ ದ ಫ್ರಾನ್ಸಿನಲ್ಲಿ ಹಳದಿ ಅಂಗಿ ಧರಿಸಿ ಮುಂದಿದ್ದಾಗ ಸೇತುವೆಯಿಂದ ಹಿಮದ ನೀರಿನ ತೊರೆಗೆ ಬಿದ್ದರು. ಒದ್ದೆ ಬಟ್ಟೆಯಲ್ಲಿ ರಕ್ತ ಸುರಿಸುತ್ತ ಆ ದಿನದ ಹಂತವನ್ನು ಮುಗಿಸಿದರೂ ಕೆಲವು ದಿನಗಳ ಬಳಿಕ ಇಟಲಿಯ ಅಧಿಕಾರಿಗಳು ಅವರನ್ನು ಓಟದಿಂದ ಹಿಂದೆ ಕರೆಸಿಕೊಂಡರು. 1938ರಲ್ಲಿ ಮರಳಿ ಹೋಗಿ ಎರಡನೆಯವನಿಗಿಂತ 18 ನಿಮಿಷ 27 ಸೆಕೆಂಡು ಮುಂದಾಗಿ ಟೂರ್ ಗೆದ್ದರು. ಈ ಗೆಲುವನ್ನು ತನ್ನದೆಂದು ಮೆರೆಸಬೇಕೆಂಬುದು ಮುಸೊಲಿನಿಯ ಸರಕಾರದ ಆಸೆ. ಗೆದ್ದವನು ಸರ್ವಾಧಿಕಾರಿಯನ್ನು ಹೊಗಳಿ ನಾಲ್ಕು ಮಾತಾಡುವುದು ಆಗಿನ ಪದ್ಧತಿ. ಬಾರ್ತಾಲಿ ಅದನ್ನು ಮಾಡಲಿಲ್ಲ. ಪ್ಯಾರಿಸಿನ ವಿಜಯಮಾತೆಯ ಇಗರ್ಜಿಗೆ ಹೋಗಿ ತನಗೆ ದೊರೆತ ಹೂಗುಚ್ಛವನ್ನು ದೇವಮಾತೆಯ ಪಾದದಲ್ಲಿಟ್ಟು ಬಂದರು.

ನಾಯಕನೂ ಸಹಾಯಕನೂ

ಇನ್ನು ಫೌಸ್ತೊ ಕೊಪ್ಪಿ. 1919ರಲ್ಲಿ ಪಿಯೆಮಾಂತ್ ಪ್ರಾಂತದ ಕಾಸ್ತೆಲ್ಲಾನಿಯಾ ಎಂಬ ಪುಟ್ಟ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದವರು. ಬಡಕಲು ದೇಹ, ಉದ್ದನೆಯ ಕಾಲು, ಮಾತು ಕಡಿಮೆ. 1940ರಲ್ಲಿ ಬಾರ್ತಾಲಿಯವರ ಲೆನ್ಯಾನೊ ತಂಡಕ್ಕೆ ಇವರನ್ನು ಸೇರಿಸಿಕೊಂಡದ್ದು ನಾಯಕನ ಸಹಾಯಕ್ಕೆಂದು. ಅಂದರೆ ನೀರು ತಂದುಕೊಡುವುದು, ಗಾಳಿಗೆ ಅಡ್ಡವಾಗಿ ಮುಂದೆ ಹೋಗುವುದು, ಬೇಕಾದರೆ ತನ್ನ ಚಕ್ರವನ್ನೇ ಬಿಚ್ಚಿಕೊಡುವುದು. ಆ ವರ್ಷದ ಜಿರೊದ ಎರಡನೆಯ ದಿನ ನಾಯಿಯೊಂದು ಅಡ್ಡ ಬಂದು ಬಾರ್ತಾಲಿ ಬಿದ್ದು ಗಾಯಗೊಂಡರು. ಇಪ್ಪತ್ತರ ಹರೆಯದ ಸಹಾಯಕ ಮುಂದೆ ಹೋದ. ಬೆಟ್ಟದ ಹಂತದಲ್ಲಿ ಕೊಪ್ಪಿ ಸೋತು ಇನ್ನು ಸಾಧ್ಯವಿಲ್ಲವೆಂದು ನಿಂತಾಗ, ನಾಯಕ ಬಾರ್ತಾಲಿಯೇ ಗದರಿಸಿ ಹುರಿದುಂಬಿಸಿ ಮೇಲೇರಿಸಿದರು. ಕೊಪ್ಪಿ ಜಿರೊ ಗೆದ್ದದ್ದು ಜೂನ್ 9ರಂದು. ಮರುದಿನವೇ ಇಟಲಿ ಮಹಾಯುದ್ಧಕ್ಕೆ ಧುಮುಕಿತು.

ಮುಂದಿನ ಕಥೆಗೆಲ್ಲ ಈ ಒಂದು ಸಂಗತಿ ಅಡಿಗಲ್ಲು. ಅಭಿಮಾನಿಗಳು ಅನಂತರ ಹಾವು ಮುಂಗುಸಿಗಳೆಂದು ಎಣಿಸಿದ ಈ ಇಬ್ಬರು, ಒಂದೇ ತಂಡದ ಹಿರಿಯ ಮತ್ತು ಕಿರಿಯರಾಗಿ ಹೊರಟವರು.

1940ರ ನವೆಂಬರಿನಲ್ಲಿ ಬಾರ್ತಾಲಿಯವರ ವಿವಾಹ ಅದ್ರಿಯಾನಾ ಬಾನಿ ಎಂಬವರೊಡನೆ ನಡೆಯಿತು. ಮದುವೆಯ ಸಂಸ್ಕಾರವನ್ನು ನೆರವೇರಿಸಿದವರು ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಾಲ್ಲಾ ಕೊಸ್ತಾ. ಈ ಕಾರ್ಡಿನಲರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. 1938ರಲ್ಲಿ ಹಿಟ್ಲರ್ ಫ್ಲಾರೆನ್ಸಿಗೆ ಬಂದಾಗ ತಮ್ಮ ನಿವಾಸದ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದವರು ಇವರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಅನುಮೋದನೆಯಿಂದ ಪೂಜ್ಯರೆಂಬ ಪದವಿ ಇವರಿಗೆ ಸಂದಿದೆ.

ಸೈಕಲಿನ ಕೊಳವೆಯೊಳಗೆ

1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಇಟಲಿಯ ಉತ್ತರ ಮತ್ತು ಮಧ್ಯಭಾಗಗಳನ್ನು ಆಕ್ರಮಿಸಿತು. ಯಹೂದಿಗಳನ್ನು ಹಿಡಿದು ರೈಲಿಗೆ ತುಂಬಿ ಕೊಲೆ ಶಿಬಿರಗಳಿಗೆ ಕಳುಹಿಸುವುದು ಆರಂಭವಾಯಿತು. ಫ್ಲಾರೆನ್ಸಿನ ಯಹೂದಿ ಧರ್ಮಗುರು ನಾಥನ್ ಕಸ್ಸೂತೊ ಅವರೂ ಕಾರ್ಡಿನಲ್ ದಾಲ್ಲಾ ಕೊಸ್ತಾ ಅವರೂ ಕೂಡಿ ಜನರನ್ನು ಅಡಗಿಸುವ ಏರ್ಪಾಡು ಮಾಡಿದರು. ಕಾನ್ವೆಂಟುಗಳ, ಮಠಗಳ ಬಾಗಿಲು ತೆರೆದವು. ಅಡಗಿದವರಿಗೆ ಬೇರೆ ಹೆಸರಿನ ಗುರುತುಪತ್ರ ಬೇಕು. ಅಸ್ಸಿಸಿ ಪಟ್ಟಣದಲ್ಲಿ ಬಿಷಪ್ ನಿಕೊಲಿನಿ ಮತ್ತು ಫ್ರಾನ್ಸಿಸ್ಕನ್ ಗುರು ರುಫೀನೊ ನಿಕಾಚಿ ಅವರ ನೆರವಿನಿಂದ ಅಂತಹ ಪತ್ರಗಳು ತಯಾರಾಗುತ್ತಿದ್ದವು. ಮುದ್ರಿಸುತ್ತಿದ್ದವರು ಲೂಯಿಜಿ ಬ್ರಿಜಿ ಎಂಬ ಮುದ್ರಕ ಮತ್ತು ಅವರ ಮಗ. ಫೋಟೋಗಳನ್ನು ಒಯ್ಯುವವರು ಯಾರು, ಪತ್ರಗಳನ್ನು ತರುವವರು ಯಾರು?

ಕಾರ್ಡಿನಲ್ ತಾವೇ ಮದುವೆ ಮಾಡಿಸಿದ್ದ ಸೈಕಲ್ ಸವಾರನನ್ನು ಕರೆದು ಕೇಳಿದರೆಂದು ಬಾರ್ತಾಲಿ ಕುಟುಂಬದವರು ಹೇಳುತ್ತಾರೆ. ಫ್ಲಾರೆನ್ಸಿನಿಂದ ಅಸ್ಸಿಸಿಗೆ ಹೋಗುವ ದಾರಿ, ಕುಂದಾಪುರದಿಂದ ಮಂಗಳೂರಿಗೆ ಹೋಗಿ ಅಲ್ಲಿಂದ ಹೆಚ್ಚುಕಡಿಮೆ ಹಿಂದಿರುಗಿ ಬಂದಷ್ಟು ದೂರ. ಸೀಟನ್ನು ಬಿಚ್ಚಿ, ಸೈಕಲಿನ ಚೌಕಟ್ಟಿನ ಟೊಳ್ಳು ಕೊಳವೆಯೊಳಗೆ ಫೋಟೋಗಳನ್ನೂ ಕಾಗದಗಳನ್ನೂ ಸುರುಳಿ ಸುತ್ತಿ ತುರುಕಿ, ಮತ್ತೆ ಸೀಟನ್ನು ಬಿಗಿದು ಅವರು ಹೊರಡುತ್ತಿದ್ದರು. ಅಂಗಿಯ ಮೇಲೆ ಹೆಸರು ಎದ್ದು ಕಾಣುತ್ತಿತ್ತು. ತಡೆದ ಸೈನಿಕರಿಗೆ ಟೂರ್ ಗೆದ್ದ ಬಾರ್ತಾಲಿ ಅಭ್ಯಾಸ ಮಾಡುತ್ತಿದ್ದಾನೆಂದೇ ತೋರುತ್ತಿತ್ತು. ಸೈಕಲಿನ ಒಂದೊಂದು ಭಾಗವನ್ನೂ ಬಹಳ ಲೆಕ್ಕಾಚಾರದಿಂದ ಕೂರಿಸಿದೆ, ಮುಟ್ಟಬೇಡಿ ಎಂದು ಅವರು ಕೇಳಿಕೊಳ್ಳುತ್ತಿದ್ದರಂತೆ. ಸಿಕ್ಕಿಬಿದ್ದಿದ್ದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು. ಮನೆಯಲ್ಲಿ ಎಳೆಯ ಹೆಂಡತಿ, ಪುಟ್ಟ ಮಗ. ಹೆಂಡತಿಗೂ ಎಲ್ಲವನ್ನು ಹೇಳಿರಲಿಲ್ಲ.

ಇದಲ್ಲದೆ ಗೋಲ್ಡನ್‌ಬರ್ಗ್ ಎಂಬ ಯಹೂದಿ ಕುಟುಂಬವನ್ನು ಬಾರ್ತಾಲಿ ಫ್ಲಾರೆನ್ಸಿನಲ್ಲಿ ತಮ್ಮ ಒಡೆತನದ ಮನೆಯ ನೆಲಮಾಳಿಗೆಯಲ್ಲಿ ಅಡಗಿಸಿಟ್ಟರು. 1944ರ ಆಗಸ್ಟಿನಲ್ಲಿ ನಗರ ಬಿಡುಗಡೆಯಾಗುವವರೆಗೆ ಅವರು ಅಲ್ಲಿಯೇ ಉಳಿದು ಜೀವಸಹಿತ ಪಾರಾದರು. ಅದೇ ವರ್ಷದ ಜುಲೈಯಲ್ಲಿ ಬಾರ್ತಾಲಿಯವರನ್ನು ಫ್ಯಾಸಿಸ್ಟ್ ಪೊಲೀಸರು ಹಿಡಿದು, ಚಿತ್ರಹಿಂಸೆಗೆ ಕುಖ್ಯಾತವಾದ ವಿಲ್ಲಾ ತ್ರಿಸ್ತೆ ಎಂಬ ಮನೆಗೆ ಒಯ್ದು ವಿಚಾರಿಸಿದರು. ವ್ಯಾಟಿಕನ್‌ನಿಂದ ಬಂದ ಕೃತಜ್ಞತೆಯ ಪತ್ರಗಳೇ ಸಂಶಯಕ್ಕೆ ಕಾರಣ. ತಾನು ಕಳುಹಿಸಿದ್ದು ಹಿಟ್ಟು, ಸಕ್ಕರೆ, ಕಾಫಿ ಮಾತ್ರವೆಂದು ಅವರು ಪಟ್ಟುಹಿಡಿದು ನಿಂತರು, ಬಿಡುಗಡೆಯಾದರು.

ಈ ವಿಷಯದಲ್ಲಿ ನಮ್ಮ ಓದುಗರಿಗೆ ಪೂರ್ತಿ ಚಿತ್ರ ಕೊಡುವುದು ನಮ್ಮ ಕರ್ತವ್ಯ. ಬಾರ್ತಾಲಿ ಎಂಟುನೂರು ಜನರನ್ನು ಉಳಿಸಿದರೆಂದು ಹಲವೆಡೆ ಅಚ್ಚಾಗುತ್ತದೆ. ಮಿಕೆಲೆ ಸರ್ಫಾತ್ತಿಯವರಂತಹ ಇಟಲಿಯ ಕೆಲವು ಇತಿಹಾಸಕಾರರು ಇತ್ತೀಚಿನ ವರ್ಷಗಳಲ್ಲಿ ಆ ಸಂಖ್ಯೆಯನ್ನೂ ಅಸ್ಸಿಸಿಯ ಪ್ರಯಾಣಗಳ ದಾಖಲೆಗಳನ್ನೂ ಪ್ರಶ್ನಿಸಿದ್ದಾರೆ. ಗುಟ್ಟಾಗಿ ನಡೆದ ಕೆಲಸಕ್ಕೆ ಕಾಗದದ ಸಾಕ್ಷ್ಯ ಕಡಿಮೆ ಇರುವುದು ಸಹಜ, ಸಾಕ್ಷ್ಯ ಕಡಿಮೆ ಇರುವಲ್ಲಿ ಕಥೆ ಬೆಳೆಯುವುದೂ ಸಹಜ. ಗೋಲ್ಡನ್‌ಬರ್ಗ್ ಕುಟುಂಬದ ಮಗ ಮಾತ್ರ ಮುಪ್ಪಿನಲ್ಲಿ ಇಸ್ರೇಲಿನಿಂದ ಸ್ವತಃ ಸಾಕ್ಷ್ಯ ನುಡಿದಿದ್ದಾರೆ. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ತನ್ನದೇ ಪರಿಶೀಲನೆಯ ಬಳಿಕ 2013ರಲ್ಲಿ ಬಾರ್ತಾಲಿಯವರನ್ನು ರಾಷ್ಟ್ರಗಳ ನಡುವಿನ ನೀತಿವಂತರ ಪಟ್ಟಿಗೆ ಸೇರಿಸಿತು. ಅದಕ್ಕೆ ಒಂದು ವರ್ಷ ಮೊದಲು ಕಾರ್ಡಿನಲ್ ದಾಲ್ಲಾ ಕೊಸ್ತಾ ಅವರ ಹೆಸರು ಸೇರಿತ್ತು. ಒಂದು ಕುಟುಂಬವೇ ಆಗಿರಲಿ, ನೆಲಮಾಳಿಗೆಯ ಬಾಗಿಲು ತೆರೆದವನ ಧೈರ್ಯ ಸಂಖ್ಯೆ ಇಳಿದ ಮಾತ್ರಕ್ಕೆ ಇಳಿಯುವುದಿಲ್ಲ.

1948ರ ಜುಲೈ

ಯುದ್ಧ ಮುಗಿಯಿತು. ಆಫ್ರಿಕಾದಲ್ಲಿ ಬ್ರಿಟಿಷರ ಯುದ್ಧಕೈದಿಯಾಗಿದ್ದ ಕೊಪ್ಪಿ ಮರಳಿ ಬಂದು ಬಿಯಾಂಕಿ ತಂಡಕ್ಕೆ ಸೇರಿದರು. 1946ರ ಜಿರೊವನ್ನು ಬಾರ್ತಾಲಿ ಕೊಪ್ಪಿಯವರಿಗಿಂತ ಕೇವಲ 47 ಸೆಕೆಂಡು ಮುಂದಾಗಿ ಗೆದ್ದರು. 1947ರಲ್ಲಿ ಕೊಪ್ಪಿ ಗೆದ್ದರು. ಇಲ್ಲಿಂದಲೇ ಅಭಿಮಾನಿಗಳ ಯುದ್ಧ ಕಾವೇರಿದ್ದು. ಬಾರ್ತಾಲಿ ಹಳೆಯ ಕಾಲದ ಮನುಷ್ಯ, ಸಿಗರೇಟು ಸೇದುವವರು, ವೈನ್ ಕುಡಿಯುವವರು. ಕೊಪ್ಪಿ ಊಟವನ್ನು ತೂಗಿ ನೋಡಿ, ನಿದ್ದೆಯನ್ನು ಲೆಕ್ಕ ಹಾಕಿ, ಓಟವನ್ನು ವಿಜ್ಞಾನದಂತೆ ಕಂಡವರು. 1946ರ ಓಟದಲ್ಲಿ ಕೊಪ್ಪಿ ದಾರಿ ಬದಿಗೆ ಎಸೆದ ಗಾಜಿನ ಸೀಸೆಯೊಂದನ್ನು ನೆನಪಿಟ್ಟುಕೊಂಡು, ಓಟ ಮುಗಿದ ಬಳಿಕ ಬಾರ್ತಾಲಿ ಅಲ್ಲಿಗೆ ಮರಳಿ ಹೋಗಿ ಹುಲ್ಲಿನಲ್ಲಿ ಹುಡುಕಿ ತಂದು ವೈದ್ಯರಿಗೆ ತೋರಿಸಿದರು. ಅದು ಯಾವ ಔಷಧದಂಗಡಿಯಲ್ಲೂ ಸಿಗುವ ಸಾಧಾರಣ ಟಾನಿಕ್ ಎಂದು ತಿಳಿಯಿತು. ಇದನ್ನು ಅನಂತರ ಜನರಿಗೆ ಹೇಳಿದವರು ಸ್ವತಃ ಬಾರ್ತಾಲಿಯೇ.

ಇದೇ ಸಮಯದಲ್ಲಿ ಇಟಲಿಯ ರಾಜಕೀಯ ಎರಡಾಗಿ ಸೀಳಿತು. ಒಂದು ಕಡೆ ಅಲ್ಚೀದೆ ದೆ ಗಾಸ್ಪೆರಿಯವರ ಕ್ರಿಶ್ಚಿಯನ್ ಡೆಮೊಕ್ರಾಟ್ ಪಕ್ಷ, ಇನ್ನೊಂದು ಕಡೆ ಪಾಲ್ಮಿರೊ ತೋಲ್ಯಾತ್ತಿಯವರ ಕಮ್ಯುನಿಸ್ಟ್ ಪಕ್ಷ. 1947ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಕಥೋಲಿಕ್ ಆಕ್ಷನಿನ ಸದಸ್ಯರನ್ನು ಉದ್ದೇಶಿಸಿ ಮಾತನಾಡುತ್ತ ಬಾರ್ತಾಲಿಯವರನ್ನು ಹೆಸರಿಸಿ ಮಾದರಿಯಾಗಿ ತೋರಿಸಿದರು. ಅಂದಿನಿಂದ ಬಾರ್ತಾಲಿ ಕಥೋಲಿಕರ ಸವಾರ. ಹಾಗಾದರೆ ಅವರ ಎದುರಾಳಿ ಎಡಪಕ್ಷದವರ ಸವಾರನಾಗಲೇಬೇಕಲ್ಲ! ಕೊಪ್ಪಿ ಕಮ್ಯುನಿಸ್ಟರಾಗಿರಲಿಲ್ಲ, ದೇವರನ್ನು ನಂಬದವರೂ ಆಗಿರಲಿಲ್ಲ. ಅವರೂ ಜ್ಞಾನಸ್ನಾನ ಪಡೆದ ರೈತನ ಮಗನೇ. ಪಕ್ಷ ಕಟ್ಟುವ ಉತ್ಸಾಹದಲ್ಲಿ ಇದನ್ನು ಕೇಳುವವರಿರಲಿಲ್ಲ.

1948ರ ಟೂರಿಗೆ ಹೋದಾಗ ಬಾರ್ತಾಲಿಗೆ 34 ತುಂಬುತ್ತಿತ್ತು. ಕೊಪ್ಪಿ ಆ ವರ್ಷ ಹೋಗಿರಲಿಲ್ಲ. ಮೊದಲ ವಾರಗಳಲ್ಲಿ ಲೂರ್ದಿನಲ್ಲಿ ಮುಗಿದ ಹಂತವನ್ನು ಗೆದ್ದು ಅಲ್ಲಿನ ಮಾತೆಗೆ ವಂದಿಸಿದರೂ, ಕಾನ್ ಪಟ್ಟಣ ತಲಪುವಷ್ಟರಲ್ಲಿ ಫ್ರಾನ್ಸಿನ ತರುಣ ಲೂಯಿಸನ್ ಬೋಬೆ ಅವರಿಗಿಂತ 21 ನಿಮಿಷ 28 ಸೆಕೆಂಡು ಹಿಂದೆ ಬಿದ್ದಿದ್ದರು. ಮುದುಕನಾದನೆಂದು ಪತ್ರಿಕೆಗಳು ಬರೆದವು. ಜುಲೈ 14, ವಿಶ್ರಾಂತಿಯ ದಿನ. ಅಂದು ರೋಮ್ ನಗರದಲ್ಲಿ ಸಂಸತ್ತಿನ ಹೊರಗೆ ತೋಲ್ಯಾತ್ತಿಯವರ ಮೇಲೆ ಒಬ್ಬ ತರುಣ ಗುಂಡು ಹಾರಿಸಿದ. ಕಾರ್ಖಾನೆಗಳು ನಿಂತವು, ಬೀದಿಗಳಲ್ಲಿ ಗುಂಪುಗಳು ಶಸ್ತ್ರ ಹಿಡಿದವು, ಹಲವೆಡೆ ಜೀವಗಳು ಹೋದವು. ಅಂತರ್ಯುದ್ಧವಾಗುವುದೆಂಬ ಭಯ ಹಬ್ಬಿತು. ಪ್ರಧಾನಮಂತ್ರಿ ದೆ ಗಾಸ್ಪೆರಿ ಅಂದು ರಾತ್ರಿ ಬಾರ್ತಾಲಿಗೆ ಫೋನ್ ಮಾಡಿ ಗೆಲ್ಲುವಂತೆ ಕೇಳಿಕೊಂಡರು.

ಮರುದಿನ ಮಳೆ, ಚಳಿ, ಕೆಸರು. ಕಾನ್‌ನಿಂದ ಬ್ರಿಯಾನ್ಸೋನಿಗೆ 274 ಕಿಲೋಮೀಟರ್, ಅಲ್ಲೋಸ್, ವಾರ್ಸ್, ಇಜೊವಾರ್ ಮೂರು ಘಾಟಿಗಳು. ಬಾರ್ತಾಲಿ ಏಕಾಂಗಿಯಾಗಿ ಮುನ್ನುಗ್ಗಿ ಗೆದ್ದರು. ಸಂಜೆಯ ಹೊತ್ತಿಗೆ ಬೋಬೆಯವರ ಮುನ್ನಡೆ ಸುಮಾರು ಒಂದು ನಿಮಿಷಕ್ಕೆ ಇಳಿದಿತ್ತು. ಅದರ ಮರುದಿನ ಹಳದಿ ಅಂಗಿ ಬಾರ್ತಾಲಿಯ ಮೈಮೇಲೆ. ಮೂರನೆಯ ಹಂತವೂ ಅವರದೇ. ಪ್ಯಾರಿಸ್ ಸೇರುವಾಗ ಎರಡನೆಯವನಿಗಿಂತ 26 ನಿಮಿಷ ಮುಂದಿದ್ದರು. ಮೊದಲ ಟೂರ್ ಗೆಲುವಿಗೂ ಎರಡನೆಯದಕ್ಕೂ ನಡುವೆ ಹತ್ತು ವರ್ಷ. ಇಷ್ಟು ಅಂತರದ ಗೆಲುವು ಬೇರೊಬ್ಬರಿಗೆ ಸಾಧ್ಯವಾಗಿಲ್ಲ.

ಇಟಲಿಯನ್ನು ಅಂತರ್ಯುದ್ಧದಿಂದ ಉಳಿಸಿದ್ದು ಬಾರ್ತಾಲಿಯ ಸೈಕಲ್ ಎಂದು ಕಥೋಲಿಕ ವಲಯಗಳಲ್ಲಿ ಬಹುಕಾಲ ಹೇಳುತ್ತ ಬಂದಿದ್ದಾರೆ. ಆಸ್ಪತ್ರೆಯ ಹಾಸಿಗೆಯಿಂದಲೇ ಶಾಂತರಾಗಿರಲು ತನ್ನವರನ್ನು ಕೇಳಿಕೊಂಡ ತೋಲ್ಯಾತ್ತಿಯವರ ಪಾಲನ್ನು ಇದರಲ್ಲಿ ಮರೆಸುವುದು ನ್ಯಾಯವಲ್ಲ. ರೇಡಿಯೋದ ಸುತ್ತ ನೆರೆದ ಎರಡೂ ಪಕ್ಷದವರು ಕೆಲವು ಗಂಟೆ ಒಟ್ಟಿಗೆ ನಲಿದರು ಎಂಬಷ್ಟು ನಿಜ. ಒಬ್ಬ ಸವಾರನಿಗೆ ಅಷ್ಟು ಸಾಲದೇ?

ಅದೇ ವರ್ಷ ಹಾಲೆಂಡಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ದೇಶದ ಪರವಾಗಿ ನಿಂತ ಬಾರ್ತಾಲಿ, ಕೊಪ್ಪಿ ಒಬ್ಬರನ್ನೊಬ್ಬರು ಮುಂದೆ ಬಿಡಲೊಲ್ಲದೆ ಇಬ್ಬರೂ ಓಟದಿಂದ ಹೊರಬಂದು ಅಮಾನತಿಗೆ ಗುರಿಯಾದರೆಂಬುದನ್ನೂ ಹೇಳಲೇಬೇಕು. ಭಕ್ತನೆಂದ ಮಾತ್ರಕ್ಕೆ ಹಟ ಬಿಟ್ಟವರಲ್ಲ. 1949ರ ಜಿರೊದಲ್ಲಿ ಕೊಪ್ಪಿ ಐದು ಘಾಟಿಗಳನ್ನು 192 ಕಿಲೋಮೀಟರ್ ಏಕಾಂಗಿಯಾಗಿ ದಾಟಿ ಬಾರ್ತಾಲಿಯನ್ನು ಸುಮಾರು 12 ನಿಮಿಷಗಳಿಂದ ಹಿಂದೆ ಹಾಕಿದರು. ಓಟವನ್ನು ವರದಿ ಮಾಡುತ್ತಿದ್ದ ಸಾಹಿತಿ ದೀನೊ ಬುಜ್ಜಾತಿಯವರಿಗೆ ಆ ದಿನ ಗ್ರೀಕ್ ಪುರಾಣದ ಅಖಿಲೀಸ್, ಹೆಕ್ಟರರ ಯುದ್ಧ ನೆನಪಾಯಿತು. ಒಂದು ತಿಂಗಳ ಬಳಿಕ ಟೂರಿನಲ್ಲಿ ಇಬ್ಬರೂ ಒಂದೇ ತಂಡ. ಜುಲೈ 18, ಬಾರ್ತಾಲಿಯವರ 35ನೆಯ ಹುಟ್ಟುಹಬ್ಬ. ಇಜೊವಾರ್ ಘಾಟಿಯನ್ನು ಇಬ್ಬರೂ ಜೊತೆಯಾಗಿ ದಾಟಿ ಬ್ರಿಯಾನ್ಸೋನಿಗೆ ಬಂದಾಗ ಕೊಪ್ಪಿ ಹಿಂದೆ ನಿಂತು ಹಂತದ ಗೆಲುವನ್ನು ಹಿರಿಯನಿಗೆ ಬಿಟ್ಟುಕೊಟ್ಟರು. ಮರುದಿನ ಬಾರ್ತಾಲಿ ಪಂಕ್ಚರಾಗಿ ಹಿಂದುಳಿದರು, ಕೊಪ್ಪಿ ಮುಂದೆ ಹೋಗಿ ಟೂರ್ ಗೆದ್ದರು. 1952ರಲ್ಲಿ ಆಲ್ಪ್ಸ್ ಘಾಟಿಯೊಂದನ್ನು ಏರುತ್ತ ಇಬ್ಬರು ಒಂದೇ ನೀರಿನ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುವ ಚಿತ್ರವೊಂದು ಇಟಲಿಯ ಮನೆಮನೆಯಲ್ಲಿ ಪ್ರಸಿದ್ಧ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಅದಕ್ಕೂ ಜಗಳ!

ಅಂಕಿಗಳನ್ನು ಕೇಳುವವರಿಗಾಗಿ: ಜಿರೊ ಬಾರ್ತಾಲಿ ಮೂರು, ಕೊಪ್ಪಿ ಐದು. ಟೂರ್ ಇಬ್ಬರಿಗೂ ಎರಡೆರಡು. ಮಿಲಾನ್-ಸಾನ್ ರೆಮೊ ಬಾರ್ತಾಲಿ ನಾಲ್ಕು, ಕೊಪ್ಪಿ ಮೂರು. ಒಂದೇ ವರ್ಷ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದ ಮೊದಲಿಗರು ಕೊಪ್ಪಿ, ಅದೂ ಎರಡು ಸಲ. ಯುದ್ಧ ಬಾರ್ತಾಲಿಯ 26ರಿಂದ 31ರವರೆಗಿನ ಉತ್ತಮ ವರ್ಷಗಳನ್ನು ನುಂಗಿತೆಂದು ಅವರ ಕಡೆಯವರು ಹೇಳುತ್ತಾರೆ. ಸವಾರಿಕೆಯೊಂದನ್ನೇ ನೋಡಿದರೆ ಕೊಪ್ಪಿಯವರೇ ಮೇಲೆಂದು ನಾವೂ ಒಪ್ಪುತ್ತೇವೆ.

ಕೊಪ್ಪಿಯವರ ಸಂಕಟ

1951ರಲ್ಲಿ ಕೊಪ್ಪಿಯವರ ತಮ್ಮ ಸೆರ್ಸೆ ಓಟವೊಂದರಲ್ಲಿ ಬಿದ್ದು ತೀರಿಕೊಂಡರು. ತಮ್ಮನನ್ನು ಸೈಕಲಿಗೆ ಬಲಿಕೊಟ್ಟ ದುಃಖದಲ್ಲಿ ಎದುರಾಳಿಗಳಿಬ್ಬರೂ ಸಮಾನರಾದರು. ಬಳಿಕ ವಿವಾಹಿತರಾದ ಕೊಪ್ಪಿ ಇನ್ನೊಬ್ಬರ ಪತ್ನಿಯೊಡನೆ ಬಾಳತೊಡಗಿದರು. ಆಗಿನ ಇಟಲಿಯಲ್ಲಿ ವಿಚ್ಛೇದನವಿಲ್ಲ, ವ್ಯಭಿಚಾರ ಕಾನೂನಿನ ಅಪರಾಧ. ಆ ಮಹಿಳೆಯನ್ನು ಬಂಧಿಸಿದರು, 1955ರಲ್ಲಿ ಇಬ್ಬರ ಮೇಲೂ ವಿಚಾರಣೆ ನಡೆದು ಶಿಕ್ಷೆಯಾಯಿತು. ವಿವಾಹವು ಪವಿತ್ರ ಸಂಸ್ಕಾರವೆಂಬುದು ನಮ್ಮ ವಿಶ್ವಾಸ, ಆದುದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ನಿನ್ನೆಯವರೆಗೆ ಓಟದಲ್ಲಿ ಸೋಲಿಸಲಾಗದವನನ್ನು ಇಂದು ಅವನ ಮನೆಯ ದುರಂತದಿಂದ ಸೋಲಿಸಿದೆವೆಂದು ಬಾರ್ತಾಲಿ ಪಕ್ಷದ ಹಲವರು ಸಂಭ್ರಮಿಸಿದರಲ್ಲ, ಅದು ಭಕ್ತಿಯಲ್ಲ. ಪಕ್ಷಾಭಿಮಾನ ಮಾತ್ರ.

ಬಾರ್ತಾಲಿ ಆ ಸಂಭ್ರಮಕ್ಕೆ ಸೇರಿದವರಲ್ಲ. ನಲ್ವತ್ತರ ವಯಸ್ಸಿನಲ್ಲಿ ಸ್ಪರ್ಧೆ ಬಿಟ್ಟ ಅವರು ಮುಂದೆ ಸಾನ್ ಪೆಲ್ಲೆಗ್ರೀನೊ ತಂಡದ ಮೇಲ್ವಿಚಾರಕರಾದಾಗ, ವಯಸ್ಸಾಗಿ ಸೊರಗಿದ್ದ ಕೊಪ್ಪಿಯವರನ್ನು 1960ರ ಸಾಲಿಗೆ ತಮ್ಮ ತಂಡಕ್ಕೆ ಕರೆದುಕೊಂಡರು. ಇಪ್ಪತ್ತು ವರ್ಷಗಳ ಹಿಂದೆ ಆರಂಭವಾದಂತೆ ಮತ್ತೆ ಒಂದೇ ತಂಡ. ಅದು ನಡೆಯಲಿಲ್ಲ. 1959ರ ಡಿಸೆಂಬರಿನಲ್ಲಿ ಆಫ್ರಿಕಾದ ಅಪ್ಪರ್ ವೋಲ್ಟಾ ದೇಶಕ್ಕೆ ಹೋಗಿ ಬಂದ ಕೊಪ್ಪಿಗೆ ಜ್ವರ ಬಂತು. ಮಲೇರಿಯಾ ಎಂಬುದನ್ನು ವೈದ್ಯರು ಗುರುತಿಸಲಿಲ್ಲ. ಜೊತೆಗೆ ಹೋಗಿ ಅದೇ ಜ್ವರಕ್ಕೆ ತುತ್ತಾದ ಫ್ರೆಂಚ್ ಸವಾರ ಜೆಮಿನಿಯಾನಿ, ರೋಗ ಪತ್ತೆಯಾದುದರಿಂದ ಬದುಕಿದರು. ಕೊಪ್ಪಿ 1960ರ ಜನವರಿ 2ರಂದು, ನಲ್ವತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಕಾಸ್ತೆಲ್ಲಾನಿಯಾದ ಗುಡ್ಡದ ಮೇಲೆ ನಡೆದ ಅಂತ್ಯಕ್ರಿಯೆಗೆ ಸಾವಿರಾರು ಜನ ಬಂದರು. ಬಾರ್ತಾಲಿಯೂ ಇದ್ದರು.

ಅದಾದ ಬಳಿಕ ಬಾರ್ತಾಲಿ ನಲ್ವತ್ತು ವರ್ಷ ಬಾಳಿದರು. ಟಿವಿಯಲ್ಲಿ ಹಾಸ್ಯ ಮಾಡಿದರು, ಪ್ರತಿ ಜಿರೊದಲ್ಲಿಯೂ ಕಾಣಿಸಿಕೊಂಡು ಎಲ್ಲವೂ ಕೆಟ್ಟುಹೋಯಿತೆಂದು ಗೊಣಗಿದರು. ಯುದ್ಧಕಾಲದ ಕೆಲಸದ ಬಗ್ಗೆ ಸಾರ್ವಜನಿಕವಾಗಿ ಮಾತಾಡಲಿಲ್ಲ. ಮಗ ಅಂದ್ರೆಯಾಗೆ ತುಸು ತುಸುವಾಗಿ ಹೇಳಿದರೂ ಯಾರಿಗೂ ತಿಳಿಸಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಒಳಿತನ್ನು ಮಾಡಬೇಕು, ಹೇಳಿಕೊಂಡು ತಿರುಗಬಾರದು ಎಂಬುದು ಅವರ ನಿಲುವು. 2000ದ ಮೇ 5ರಂದು ಫ್ಲಾರೆನ್ಸಿನಲ್ಲಿ ನಿಧನರಾದರು. ಅವರ ಮರಣಾನಂತರವೇ ಹಳೆಯ ದಿನಚರಿಗಳೂ ನೆನಪುಗಳೂ ಹೊರಬಂದು, 2005ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರು ಚಿನ್ನದ ಪದಕ ನೀಡಿದರು. 2018ರ ಜಿರೊ ಓಟ ಅವರ ನೆನಪಿನೊಡನೆ ಜೆರುಸಲೇಮಿನಿಂದ ಹೊರಟಿತು.

ನಮ್ಮ ಜಿಲ್ಲೆಯ ಹಲವು ಧರ್ಮಗುರುಗಳು, ಧರ್ಮಭಗಿನಿಯರು ಇಟಲಿಯಲ್ಲಿ ಓದುತ್ತಲೂ ಸೇವೆ ಸಲ್ಲಿಸುತ್ತಲೂ ಇದ್ದಾರೆ. ಅವರನ್ನು ಕಾಣಲು ಹೋಗುವ ಕುಟುಂಬಗಳಿಗೆ ಎರಡು ಸ್ಥಳಗಳನ್ನು ಸೂಚಿಸಬಹುದು. ಪೊಂತೆ ಆ ಎಮಾ ಹಳ್ಳಿಯಲ್ಲಿ ಬಾರ್ತಾಲಿಯವರ ಹೆಸರಿನ ಸೈಕಲ್ ವಸ್ತುಸಂಗ್ರಹಾಲಯವಿದೆ, ಅವರ ಸಮಾಧಿಯೂ ಅದೇ ಊರಿನಲ್ಲಿದೆ. ಉತ್ತರದಲ್ಲಿ ಕೊಮೊ ಸರೋವರದ ಮೇಲಿನ ಗುಡ್ಡದಲ್ಲಿ ಘಿಸಾಲ್ಲೊ ಮಾತೆಯ ಪುಟ್ಟ ದೇವಾಲಯವಿದೆ. 1949ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಈ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಒಳಗೆ ಗೋಡೆಯ ತುಂಬ ಚಾಂಪಿಯನ್ನರ ಸೈಕಲುಗಳು, ಅಂಗಿಗಳು. ಬಾರ್ತಾಲಿಯವರ ಸೈಕಲ್ ಅಲ್ಲಿದೆ, ಕೊಪ್ಪಿಯವರದೂ ಇದೆ. ಓಟದಲ್ಲಿ ಮಡಿದವರ ಫೋಟೋಗಳೂ ಇವೆ. ಮಧ್ಯಾಹ್ನದ ಹೊತ್ತು ದಾರಿಹೋಕ ಸವಾರರು ಸೈಕಲನ್ನು ಹೊರಗೋಡೆಗೆ ಒರಗಿಸಿ, ಬೆವರು ಒರೆಸಿಕೊಂಡು ಒಳಗೆ ಬಂದು ಮೊಣಕಾಲೂರುತ್ತಾರೆ.